ಕಣ್ಣಾರೆ ಕಂಡಿದ್ದು, ನಾ.ಭೂ.

ತಣಿಸಂದ್ರದಲ್ಲಿ ಮೂರಂತಸ್ತಿನ ಸ್ವಂತ ಮನೆ, ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆದಾರರು, ಕೆಳಗೆ ರಸ್ತೆಯ ಕಡೆಗೊಂದು ಹಾರ್ಡ್‌ವೇರ್ ಅಂಗಡಿ. ಇಷ್ಟಿರುವ ಮನುಷ್ಯ ಕೆಲಸಕ್ಕೆ ಯಾಕೆ ಬರುತ್ತಾರೆ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದು ಸಲವಾದರೂ ಕೇಳಿದವರೇ. ನಾನೂ ಕೇಳಿದ್ದೆ. ಭೂಷಣ್ ಸರ್ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಾ ಹೇಳಿದ್ದರು: "ಮನೇಲಿ ಕೂತ್ರೆ ನೀರ್ ಬಂದಿಲ್ಲ, ಮೋಟ್ರು ಕೆಟ್ಟಿದೆ ಅಂತ ಬಾಡಿಗೆಯೋರು ಬರ್ತಾರೆ ಕಣಮ್ಮ. ಇಲ್ಲಿ ಬಯ್ಯೋದು ಕಂಪೈಲರ್ ಒಂದೇ. ಅದು ಬೈದ್ರೆ ಅದ್ರಲ್ಲೊಂದು ನ್ಯಾಯ ಇರುತ್ತೆ."

ಪೂರ್ತಿ ಹೆಸರು ನಾಗಭೂಷಣ. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಾಯಿಸಿ ಯಲಹಂಕ ನ್ಯೂ ಟೌನಿನ ಆ ಆಫೀಸಿಗೆ ನಾನು ಮೊದಲ ದಿನ ಹೋದಾಗ ಅವರಿಗೆ ನಲವತ್ತೈದು ದಾಟಿತ್ತು. ಕೆಳಗೆ ಬೇಕರಿ, ಮೇಲೆ ನಾವು ಹದಿನಾಲ್ಕು ಜನ. ವಿಮಾನಪಡೆಯ ವಿಮಾನ ತಲೆಯ ಮೇಲೆ ಹಾರಿದಾಗಲೆಲ್ಲ ಮೀಟಿಂಗು ಅರ್ಧ ನಿಮಿಷ ನಿಲ್ಲುತ್ತಿತ್ತು. ನಾವು ಮಾಡುತ್ತಿದ್ದುದು ಹ್ಯಾಚರಿಗಳಿಗೆ, ಅಂದರೆ ಕೋಳಿಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಜಾಗಗಳಿಗೆ, ಬೇಕಾದ ಪ್ರೋಗ್ರಾಮು. ಮೊಟ್ಟೆಯ ಪೆಟ್ಟಿಗೆಯೊಳಗೆ ಶಾಖ ಅಳೆಯುವ ಒಂದು ಕಡ್ಡಿ ಇರುತ್ತದೆ. ಶಾಖ ಮೂವತ್ತೇಳೂವರೆ ಡಿಗ್ರಿಗಿಂತ ಇಳಿದರೆ ಹೀಟರ್ ಹಾಕು, ಮೂವತ್ತೆಂಟು ದಾಟಿದರೆ ಆರಿಸು, ಕೈಮೀರಿದರೆ ಮಾಲೀಕರ ಫೋನಿನಲ್ಲಿ ಗಂಟೆ ಬಾರಿಸು. ಇಷ್ಟೇ ಕೆಲಸ, ಆದರೆ ಇಪ್ಪತ್ತೊಂದು ದಿನ ಒಂದು ಗಳಿಗೆಯೂ ತಪ್ಪದೆ ಮಾಡಬೇಕು.

ಅದನ್ನು ಭೂಷಣ್ ಸರ್ ಬರೆದದ್ದು ಫಂಕ್ಷನಲ್ ಎಂಬ ಜಾತಿಯ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಹೆಸರು ಹೇಳಿದರೆ ನನ್ನ ಜೊತೆ ಓದಿದವರೇ "ಅದ್ಯಾವ್ದು ಮಗಾ?" ಅನ್ನುತ್ತಾರೆ, ಬಿಡಿ. ಆ ಭಾಷೆಯ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಓದಿ ಯಂತ್ರ ನಡೆಸುವಂಥ ಪ್ರೋಗ್ರಾಮಾಗಿ ಕಟ್ಟಿಕೊಡುವುದು, ಮಹಾ ಸಂಶಯದ ಪ್ರಾಣಿ. ಒಂದೊಂದಕ್ಕೂ ಟೈಪ್ ಹೇಳಬೇಕು: ಇದು ಸಂಖ್ಯೆ, ಇದು ಅಕ್ಷರ, ಇದು ಇರಬಹುದು ಅಥವಾ ಇಲ್ಲದಿರಬಹುದು. ಹೇಳಿದ ಮಾತಿಗೆ ಎಲ್ಲಿಯಾದರೂ ತಪ್ಪಿದಿರೋ, ಪ್ರೋಗ್ರಾಮನ್ನು ಮುಂದಕ್ಕೇ ಬಿಡುವುದಿಲ್ಲ. ಆದರೆ ಶಾಖದ ಕಡ್ಡಿಯ ಜೊತೆ ಮಾತಾಡುವ ಲೈಬ್ರರಿಗಳು, ಗ್ರಾಫ್ ಬಿಡಿಸುವ ಲೈಬ್ರರಿಗಳು, ಎಲ್ಲ ಇರುವುದು ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯಲ್ಲಿ. ಯಾರು ಯಾರೋ ಬರೆದು ಎಲ್ಲರೂ ಎತ್ತಿಕೊಳ್ಳಲೆಂದು ಬಿಟ್ಟ ಕೋಡು ಅದು. ಅಲ್ಲಿ ಹೇಳುವವರಿಲ್ಲ ಕೇಳುವವರಿಲ್ಲ. ಇವತ್ತು ಸಂಖ್ಯೆ ಕೊಡುತ್ತದೆ, ನಾಳೆ ಏನೂ ಕೊಡದೆ ಸುಮ್ಮನಿರುತ್ತದೆ. ಅದನ್ನು ಈ ಭಾಷೆಯಿಂದ ಕರೆಯಬೇಕಾದರೆ, ಆ ಲೈಬ್ರರಿಯ ಇಂಥ ಫಂಕ್ಷನ್ನು, ಅಂದರೆ ಇಂಥ ಕೆಲಸ ಮಾಡುವ ತುಣುಕು, ಸಂಖ್ಯೆಯನ್ನೇ ಕೊಡುತ್ತದೆ ಎಂದು ಒಂದು ಸಾಲಿನ ಘೋಷಣೆ ಬರೆದುಕೊಡಬೇಕು. ಕಂಪೈಲರ್ ಆ ಕಡೆ ಹೋಗಿ ನೋಡಲಾರದು. ಬರೆದುಕೊಟ್ಟವನನ್ನು ಕಣ್ಣು ಮುಚ್ಚಿ ನಂಬುತ್ತದೆ.

ಆ ಸಾಲುಗಳೇ ಭೂಷಣ್ ಸರ್ ಬದುಕಾಗಿದ್ದವು. ಒಂಬತ್ತು ವರ್ಷದಲ್ಲಿ ನಾನೂರ ಹನ್ನೆರಡು ಸಾಲು ಬರೆದಿದ್ದರು. ಒಂದೊಂದಕ್ಕೂ ಆ ಲೈಬ್ರರಿಯ ಒಳಗಿನ ಕೋಡನ್ನು ಪೂರ್ತಿ ಓದುತ್ತಿದ್ದರು. ಓದಿದ್ದು ಸಾಲದೆ ಅದಕ್ಕೆ ಸರಿಯಾದದ್ದು, ಅಡ್ಡಾದಿಡ್ಡಿಯಾದದ್ದು, ಏನೂ ಇಲ್ಲದ್ದು ಎಲ್ಲ ಕೊಟ್ಟು ಏನು ಹೇಳುತ್ತದೆ ಎಂದು ನೋಡುತ್ತಿದ್ದರು. ಆಮೇಲೆ ಸಾಲು ಬರೆದು, ಅದರ ತಲೆಯ ಮೇಲೆ ಕನ್ನಡದಲ್ಲಿ "ಕಣ್ಣಾರೆ ಕಂಡಿದ್ದು, ನಾ.ಭೂ." ಎಂದು ತಾರೀಕಿನ ಸಮೇತ ಹಾಕುತ್ತಿದ್ದರು. ಈ ಷರಾ ಇಲ್ಲದ ಘೋಷಣೆ ಒಂದೇ ಒಂದಿದ್ದರೂ ಪ್ರೋಗ್ರಾಮು ಕಟ್ಟದಂತೆ ತಾವೇ ಒಂದು ತಪಾಸಣೆಯನ್ನೂ ಕೂಡಿಸಿದ್ದರು. ಬೇರೆಯವರೂ ತಂತಮ್ಮ ಹೆಸರು ಹಾಕಲಿ ಎಂದು ಮೊದಮೊದಲು ಕರೆದಿದ್ದರಂತೆ. ಯಾರೂ ಮುಂದೆ ಬರಲಿಲ್ಲ. ಹಾಗಾಗಿ ತಪಾಸಣೆಗೆ ಗೊತ್ತಿದ್ದದ್ದು ಅವರ ಎರಡಕ್ಷರ ಮಾತ್ರ.

ನಾವು ಆಡಿಕೊಳ್ಳುತ್ತಿದ್ದೆವು. ಸರ್ ಮದುವೆ ಮಂಟಪದಲ್ಲಿ ತಾಳಿಯ ಮೇಲೂ ಷರಾ ಬರೆದಿದ್ದರಂತೆ ಎಂದು ನಾನೇ ಹೇಳಿ ನಗಿಸಿದ್ದೇನೆ. ಅವರಿಗೂ ಕೇಳಿಸಿತ್ತು. ಮಾರನೆಯ ದಿನ ಕೆಳಗಿನ ಬೇಕರಿಯಲ್ಲಿ ಬನ್ ತಿನ್ನುತ್ತಾ ಅವರಪ್ಪನ ವಿಷಯ ಹೇಳಿದರು.

ಅಪ್ಪನ ಹೆಸರು ಚಿಕ್ಕಬೈರಪ್ಪ. ತಣಿಸಂದ್ರದ ಹೊಲಗಳೆಲ್ಲ ಸೈಟಾಗುತ್ತಿದ್ದ ಕಾಲ. ಊರಿನ ಹಳಬ, ಎಲ್ಲರಿಗೂ ಪರಿಚಯ. ಯಾರು ಜಮೀನು ಮಾರಿದರೂ ಸಾಕ್ಷಿ ಹಾಕಲು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತಿದ್ದರು. ಅಪ್ಪನಿಗೆ ಓದು ಬಾರದು, ಸಹಿ ಬರುತ್ತಿತ್ತು. ತೋರಿಸಿದಲ್ಲಿ ಸಹಿ ಹಾಕಿ, ಮಸಾಲೆ ದೋಸೆ ತಿಂದು ಬರುತ್ತಿದ್ದರು. ಹಾಗೆ ಹಾಕಿದ ಸಹಿಗಳಲ್ಲಿ ಒಂದು ಅವರ ಸ್ವಂತ ತಂಗಿ ಸುಬ್ಬಮ್ಮನ ಹೊಲದ ಪತ್ರದ ಮೇಲಿತ್ತು. ಮಾರಿದವಳೆಂದು ಕೂರಿಸಿದ್ದ ಹೆಂಗಸು ಸುಬ್ಬಮ್ಮ ಆಗಿರಲಿಲ್ಲ. ಮುಸುಕು ಹಾಕಿದ್ದಳು, ಅಪ್ಪ ತಲೆ ಎತ್ತಿ ನೋಡಿರಲಿಲ್ಲ.

"ಪತ್ರದ ನಕಲು ಮನೆಗ್ ಬಂದ್ಮೇಲೆ ಓದಿದ್ದು ನಾನು, ಏಳನೇ ಕ್ಲಾಸು. ಪೂರ್ವಕ್ಕೆ ಬಾವಿ, ಪಶ್ಚಿಮಕ್ಕೆ ಹುಣಸೆ ಮರ ಅಂತ ಚಕ್ಕುಬಂದಿ ಓದ್ತಾ ಇದ್ರೆ ಅಪ್ಪ ಸಾಕು ನಿಲ್ಸು ಅಂದ್ರು. ಅತ್ತೆ ಹೊಲ ಅಂತ ಅವ್ರಿಗೆ ಆಗ್ಲೇ ಗೊತ್ತಾಗಿತ್ತು. ಅತ್ತೆ ಆಮೇಲೆ ನಮ್ಮನೇಲಿ ಒಂದ್ ಲೋಟ ನೀರ್ ಕುಡಿದಿಲ್ಲ. ಅಪ್ಪ ಹೋದಾಗ್ಲೂ ಬಾಗಿಲಲ್ಲೇ ನಿಂತಿದ್ದು ಹೋದ್ರು" ಎಂದರು. ಬನ್ನಿನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಾನ್ ನೋಡ್ದೆ ಇರೋದಕ್ಕೆ ನನ್ನ ಹೆಸರು ಬೀಳ್ಬಾರ್ದು. ಅಷ್ಟೇ ಕಣಮ್ಮ ನಂದು" ಎಂದು ಮೆಟ್ಟಿಲು ಹತ್ತಿದರು. ಅವತ್ತಿನಿಂದ ನಾನು ಆಡಿಕೊಳ್ಳುವುದನ್ನು ಬಿಟ್ಟೆ. ಬಿಟ್ಟೆ ಎಂದು ಹೆಮ್ಮೆಯಿಂದ ಬೇರೆ ಬರೆಯುತ್ತಿದ್ದೇನೆ, ನೋಡಿ.

ಹೋದ ವರ್ಷ ಮಾರ್ಚಿನಲ್ಲಿ ಶಾಖದ ಕಡ್ಡಿ ಮಾಡುವವರು ಹಳೆಯ ಲೈಬ್ರರಿಯನ್ನು ಕೈಬಿಟ್ಟು ಹೊಸದನ್ನು ತಂದರು. ಅದರಲ್ಲಿ ಅರವತ್ತೊಂದು ಫಂಕ್ಷನ್ನು. ಎಲ್ಲ ಓದಿ ನೋಡಲು ಭೂಷಣ್ ಸರ್ ಮೂರು ವಾರದ ಸಮಯ ಕೇಳಿದರು. ನಮ್ಮ ಮ್ಯಾನೇಜರ್ ಮೋನಿಕಾ ಕೆಟ್ಟವರೇನಲ್ಲ. ಅವರ ಮೇಲೂ ಕೂತು ಗಡಿಯಾರ ನೋಡುವವರಿದ್ದರು. ಒಂದು ಎಐಗೆ ಹೇಳಿ ಅರವತ್ತೊಂದು ಘೋಷಣೆಯನ್ನೂ ಒಂದೇ ಮಧ್ಯಾಹ್ನದಲ್ಲಿ ಬರೆಸಿಕೊಂಡು ಬಂದರು.

"ಸರ್, ಎಲ್ಲ ರೆಡಿ ಇದೆ. ನೀವು ಒಂದ್ಸಲ ಕಣ್ಣಾಡಿಸಿ ನಿಮ್ಮ ಲೈನ್ ಹಾಕ್ಬಿಡಿ. ಶನಿವಾರ ನಲವತ್ತು ಹ್ಯಾಚರಿಗೆ ಹೊಸ ವರ್ಷನ್ ಹೋಗ್ಬೇಕು" ಎಂದರು.

ಸರ್ ಪಟ್ಟಿಯನ್ನು ನಿಧಾನವಾಗಿ ಕೊನೆಯವರೆಗೂ ಓದಿದರು. "ಚೆನ್ನಾಗಿ ಬರ್ದಿದೆ ಮೇಡಂ. ತಪ್ಪಿದ್ರೂ ಚೆನ್ನಾಗೇ ಕಾಣೋ ಹಂಗೆ ಬರ್ದಿದೆ. ನಾನ್ ಹೋಗಿ ಮಿಷಿನ್ ನೋಡ್ಕೊಂಡ್ ಬರ್ತೀನಿ."

ಮಾರನೆಯ ದಿನ ಗುರುವಾರ. ಬೆಳಿಗ್ಗೆಯೇ ಸ್ಕೂಟರಿನಲ್ಲಿ ಹೆಸರಘಟ್ಟದ ಕಡೆ ಹೊರಟರು. ಅಲ್ಲಿ ಮುನಿನಾರಾಯಣಮ್ಮ ಎಂಬವರ ಪುಟ್ಟ ಹ್ಯಾಚರಿ ಇತ್ತು. ನಾಟಿ ಕೋಳಿ ಮರಿ ಮಾಡಿ ಸುತ್ತಲಿನ ಹಳ್ಳಿಗಳಿಗೆ ಕೊಡುತ್ತಿದ್ದರು. ನಮ್ಮ ಪ್ರೋಗ್ರಾಮು ಹಾಕಿಸಿಕೊಂಡ ಮೊದಲ ಗಿರಾಕಿ ಅವರೇ.

ಮಧ್ಯಾಹ್ನ ಮೂರು ಗಂಟೆಗೆ ಮೋನಿಕಾ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಪರೀಕ್ಷೆಗೆಂದು ಪ್ರೋಗ್ರಾಮನ್ನು ಅವತ್ತೇ ಕಟ್ಟಬೇಕಿತ್ತು, ಷರಾ ಇಲ್ಲದೆ ಅದು ಕಟ್ಟುತ್ತಿರಲಿಲ್ಲ. ಸರ್ ಫೋನು ಎತ್ತುತ್ತಿರಲಿಲ್ಲ. ಪೆಟ್ಟಿಗೆಯ ಹತ್ತಿರ ಹೋದಾಗ ಅವರು ಫೋನು ಸ್ಕೂಟರಿನಲ್ಲೇ ಬಿಡುತ್ತಾರೆಂದು ನನಗೆ ಗೊತ್ತಿತ್ತು.

"ನೋಡು ರುಮಾನಾ, ಹೆಂಗೂ ಸಂಜೆ ಬಂದು ನೋಡ್ತಾರೆ. ಈಗ ಲೈನ್ ಹಾಕ್ಬಿಡು. ಏನಾದ್ರೂ ಇದ್ರೆ ಆಮೇಲೆ ಸರಿ ಮಾಡಿದ್ರಾಯ್ತು."

ತಪಾಸಣೆಯನ್ನು ಒಂದು ದಿನದ ಮಟ್ಟಿಗೆ ತೆಗೆದಿಡಬಹುದಿತ್ತು. ಅದಕ್ಕೆ ಹತ್ತು ನಿಮಿಷ ಬೇಕು, ಮೇಲಿನವರಿಗೆ ಕಾರಣ ಬರೆಯಬೇಕು. ನನ್ನ ಹೆಸರನ್ನು ತಪಾಸಣೆಗೆ ಸೇರಿಸಿ ನನ್ನದನ್ನೇ ಹಾಕಬಹುದಿತ್ತು. ಆ ಯೋಚನೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನೋಡದೆ ಇರುವುದಕ್ಕೆ ನನ್ನ ಹೆಸರು ಯಾಕೆ ಎಂದು ನನಗನ್ನಿಸಿತು. ಅವರದಾದರೆ ಎಲ್ಲ ಕಡೆಯೂ ಇದ್ದೇ ಇದೆಯಲ್ಲ. ಒಂದು ಸಾಲಿನ ಕಮಾಂಡು ಹೊಡೆದೆ. ಅರವತ್ತೊಂದರ ತಲೆಯ ಮೇಲೂ "ಕಣ್ಣಾರೆ ಕಂಡಿದ್ದು, ನಾ.ಭೂ." ಬಂದು ಕೂತಿತು. ಪ್ರೋಗ್ರಾಮು ಒಂದೇ ಏಟಿಗೆ ಕಟ್ಟಿಕೊಂಡಿತು. ಮೋನಿಕಾ ನನ್ನ ಹೆಗಲು ತಟ್ಟಿ ಹೋದರು.

ಐದೂವರೆಗೆ ಸರ್ ಬಂದರು. ಪ್ಯಾಂಟಿನ ತುದಿಗೆ ಭತ್ತದ ಹೊಟ್ಟು ಅಂಟಿತ್ತು, ಮುಖದಲ್ಲಿ ಹಬ್ಬದ ಕಳೆ ಇತ್ತು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದು ಕಡಿಮೆ.

"ಹದಿನೇಳನೇದು ಸಿಕ್ತು ಕಣಮ್ಮ" ಎಂದು ಕುರ್ಚಿ ಎಳೆದುಕೊಂಡರು. "ಶಾಖ ಓದೋ ಫಂಕ್ಷನ್ನು. ಅದು ಸಂಖ್ಯೆ ಕೊಡುತ್ತೆ ಅಂತ ಎಐ ಬರ್ದಿದೆ. ಖಾಲಿ ಪೆಟ್ಟಿಗೆ ಒಂದಿತ್ತು, ಅದ್ರ ಕಡ್ಡಿ ವೈರ್ ಕಿತ್ತು ನೋಡ್ದೆ. ಸಂಖ್ಯೆನೂ ಇಲ್ಲ, ತಪ್ಪಾಗಿದೆ ಅಂತ್ಲೂ ಹೇಳಲ್ಲ. ಸುಮ್ನಿರುತ್ತೆ. ಜಾವಾಸ್ಕ್ರಿಪ್ಟಲ್ಲಿ ಏನೂ ಇಲ್ದಿರೋದನ್ನ ಹಿಡ್ಕೊಂಡು ಮೂವತ್ತೆಂಟಕ್ಕಿಂತ ಹೆಚ್ಚಾ ಅಂತ ಕೇಳು, ಇಲ್ಲ ಅನ್ನುತ್ತೆ. ಕಡಿಮೆನಾ ಅಂತ ಕೇಳು, ಅದಕ್ಕೂ ಇಲ್ಲ ಅನ್ನುತ್ತೆ. ಎರಡೂ ಇಲ್ಲ ಅಂದ್ಮೇಲೆ ನಮ್ಮ ಪ್ರೋಗ್ರಾಮ್ ಎಲ್ಲ ಸರಿ ಇದೆ ಅನ್ಕೊಳುತ್ತೆ. ಹೀಟರ್ ಉರೀತಾ ಇದ್ರೆ ಉರೀತಾನೇ ಇರುತ್ತೆ, ಗಂಟೆನೂ ಹೊಡ್ಯಲ್ಲ. ಇರಬಹುದು ಇಲ್ಲದಿರಬಹುದು ಅಂತ ಬರೀಬೇಕು ಅದನ್ನ. ಹಂಗ್ ಬರೆದ್ರೆ, ಇಲ್ದಿದ್ರೆ ಏನ್ ಮಾಡ್ಬೇಕು ಅಂತ ಕಂಪೈಲರ್ರೇ ನಮ್ಮನ್ನ ಕೇಳುತ್ತೆ."

ಆಗಲೇ ಹೇಳಬೇಕಿತ್ತು. ಸರ್, ನಿಮ್ಮ ಹೆಸರು ಅದರ ಮೇಲೆ ಕೂತಾಗಿದೆ ಎಂದು ಒಂದು ಮಾತು. "ನಾನ್ ಸರಿ ಮಾಡ್ತೀನಿ ಸರ್, ನೀವು ಉಳಿದಿದ್ದು ನೋಡಿ" ಎಂದೆ. ಮಾಡಿಯೂ ಮಾಡಿದೆ. ಶುಕ್ರವಾರ ಬೆಳಿಗ್ಗೆ ಹದಿನೇಳನೆಯದನ್ನು ತಿದ್ದಿ ಇಟ್ಟೆ. ತಮ್ಮ ಷರಾ ಇಲ್ಲದೆ ಯಾವುದೂ ಹೊರಗೆ ಹೋಗದು ಎಂದು ನಂಬಿ, ಸರ್ ಲೈಬ್ರರಿಯ ಒಳಗಿನ ಕೋಡು ಓದುತ್ತಾ ಕೂತಿದ್ದರು. ಆದರೆ ಶನಿವಾರ ಕಳಿಸಬೇಕಾದದ್ದನ್ನು ಮೋನಿಕಾ ಗುರುವಾರ ಸಂಜೆಯೇ ಕಟ್ಟಿ, ಪರೀಕ್ಷಿಸಿ, ಬೀಗ ಹಾಕಿಟ್ಟಿದ್ದರು. ನನ್ನ ತಿದ್ದುಪಡಿ ಸೋಮವಾರದ ವರ್ಷನ್ನಿಗೆ ಹೋಗುತ್ತದೆ ಎಂದು ಮೋನಿಕಾ ಹೇಳಿದರು. ಎರಡು ದಿನ ತಾನೇ ಎಂದುಕೊಂಡೆ. ಕೂಗಾಡಿ ತಡೆಯಬೇಕೆಂದರೆ ಷರಾ ಹಾಕಿದ್ದನ್ನೂ ಹೇಳಬೇಕಾಗುತ್ತಿತ್ತು.

ಭಾನುವಾರ ಮುನಿನಾರಾಯಣಮ್ಮನವರ ದೊಡ್ಡ ಪೆಟ್ಟಿಗೆಯಲ್ಲಿ ಕಡ್ಡಿಯ ವೈರನ್ನು ಇಲಿ ಕಡಿಯಿತು. ಆಗ ಹೀಟರ್ ಉರಿಯುತ್ತಿತ್ತು. ಒಳಗೆ ಎಂಟು ಸಾವಿರ ಮೊಟ್ಟೆ, ಹದಿನೆಂಟನೆಯ ದಿನ.

ಸೋಮವಾರ ಸರ್ ಜೊತೆ ನಾನೂ ಹೋದೆ. ಸ್ಕೂಟರಿನ ಹಿಂದೆ ಕೂತು ರಾಜಾನುಕುಂಟೆ ದಾಟುವವರೆಗೂ ಹೇಳಿಬಿಡೋಣ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಗಾಳಿ, ಲಾರಿ, ಹೆಲ್ಮೆಟ್ಟು. ನೆಪಗಳಿಗೇನು ಬರ. ಹ್ಯಾಚರಿಯ ಬಾಗಿಲಲ್ಲೇ ವಾಸನೆ ಹೊಡೆಯುತ್ತಿತ್ತು. ಮುನಿನಾರಾಯಣಮ್ಮ ನೆಲದ ಮೇಲೆ ಕೂತು ಮೊಟ್ಟೆಗಳನ್ನು ಗೊಬ್ಬರದ ಚೀಲಕ್ಕೆ ತುಂಬುತ್ತಿದ್ದರು. ನಮ್ಮನ್ನು ನೋಡಿ ಒಂದನ್ನು ತಟ್ಟಿ ಒಡೆದು ಅಂಗೈ ಮೇಲೆ ಹಿಡಿದರು. ಮರಿಗೆ ಪುಕ್ಕ ಬಂದಿತ್ತು, ಕೊಕ್ಕು ಬಂದಿತ್ತು, ಕಾಲು ಮಡಚಿಕೊಂಡು ಬೆಂದಿತ್ತು.

"ನಮ್ ಅಕ್ಕನ ಮೊಮ್ಮಗಳ ಮದ್ವೆ ಇತ್ತು ಕಣಪ್ಪ" ಎಂದರು. ದನಿ ಏರಲಿಲ್ಲ. "ಮಿಷಿನ್ ಬಿಟ್ಟು ನಾನ್ ಎಲ್ಗೂ ಓಗಾಕಿಲ್ಲ, ನಿಂಗೊತ್ತು. ಗುರ್ವಾರ ನೀನೇ ಬಂದು ದಿನ್ವೆಲ್ಲ ಕುಂತು ನೋಡಿದ್ಯಲ್ಲ. ಸರಿ ಐತೆ, ಓಗ್ಬಾ ಅಂತ ನನ್ ಮನ್ಸು ಏಳ್ತು. ಅದ್ಕೇ ಒಂಟೋದೆ. ಮಂಟಪದಾಗೆ ನಾಕ್ ಸಲ ಫೋನ್ ನೋಡಿವ್ನಿ. ಎಲ್ಲ ಸರಿ ಐತೆ ಅನ್ನೋ ಅಸಿರು ದೀಪ ಉರೀತಾನೇ ಇತ್ತು. ಇಂಗ್ಯಾಕಾಯ್ತು ಏಳು."

ಸರ್ ನೆಲದ ಮೇಲೆ ಕೂತರು. ಅವರೂ ಚೀಲಕ್ಕೆ ತುಂಬಲು ಶುರುಮಾಡಿದರು. ನಾನೂ ಕೂತೆ. ಮೂರು ಜನ ಎರಡು ಗಂಟೆ ತುಂಬಿದೆವು. ಅವರು ಒಂದೇ ಒಂದು ಮಾತು ಹೇಳಿದ್ದು: "ನಾನ್ ತಪ್ಪು ಹುಡ್ಕಿದ್ದೆ ನಾರಾಯಣಮ್ಮ. ಗುರ್ವಾರನೇ ಸಿಕ್ಕಿತ್ತು." ಆಕೆಗೆ ಅದು ಅರ್ಥವಾಗಲಿಲ್ಲ. ಸಿಕ್ಕಿದ್ದರೆ ಮತ್ತೆ ಹೀಗ್ಯಾಕಾಯಿತು ಎಂದು ಮುಖ ನೋಡಿದರು.

ಸಂಜೆ ಆಫೀಸಿಗೆ ಬಂದು ಸರ್ ಫೈಲು ತೆರೆದರು. ನಾನು ಎರಡು ಮೇಜಿನ ಆಚೆ ಕೂತಿದ್ದೆ. ಹದಿನೇಳನೆಯದರ ಮೇಲೆ ಅವರ ಹೆಸರು, ಗುರುವಾರದ ತಾರೀಕು. ಯಾರು ಯಾವ ಸಾಲನ್ನು ಎಷ್ಟು ಹೊತ್ತಿಗೆ ಸೇರಿಸಿದರು ಎಂಬುದೂ ಅಲ್ಲೇ ದಾಖಲಾಗಿರುತ್ತದೆ. ರುಮಾನಾ, ಮೂರು ಗಂಟೆ ಹತ್ತು ನಿಮಿಷ. ಅವರ ಬೆರಳು ಅಲ್ಲಿ ನಿಂತಿದ್ದನ್ನು ನೋಡಿದೆ. ತಿರುಗಿ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ತಿರುಗಲಿಲ್ಲ.

ಮೇಲಿನವರು ಎಲ್ಲ ಹ್ಯಾಚರಿಗಳಿಗೂ ಒಂದು ಕಾಗದ ಕಳಿಸಿದರು. ನಮ್ಮ ಹಿರಿಯ ಎಂಜಿನಿಯರ್ ಪರಿಶೀಲಿಸಿದ್ದ ಒಂದು ಭಾಗದಲ್ಲಿ ಲೋಪ ಕಂಡುಬಂದಿದೆ ಎಂದಿತ್ತು ಅದರಲ್ಲಿ. ಮೋನಿಕಾ ಅದನ್ನು ಓದಿ ಕೆಳಗೆ ಬೇಕರಿಗೆ ಹೋಗಿ ಅತ್ತರಂತೆ. ಕಾಗದ ಬದಲಾಗಲಿಲ್ಲ. ಸರ್ ಅಲ್ಲಗಳೆಯಲಿಲ್ಲ.

ಆ ವಾರವೆಲ್ಲ ಅವರು ಒಂದೇ ಕೆಲಸ ಮಾಡಿದರು. ನಾನು ಹಾಕಿದ ಅರವತ್ತೊಂದು ಷರಾಗಳನ್ನು ಅಳಿಸಿದರು. ಅಲ್ಲಿಗೆ ನಿಲ್ಲುತ್ತಾರೆಂದುಕೊಂಡಿದ್ದೆ. ಒಂಬತ್ತು ವರ್ಷದ ನಾನೂರ ಹನ್ನೆರಡನ್ನೂ ಕಮಾಂಡು ಹೊಡೆಯದೆ ಒಂದೊಂದಾಗಿ, ಓದಿ ಓದಿ, ಅಳಿಸಿದರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಸರ್, ಅವು ನೀವು ನೋಡಿದ್ವು" ಎಂದೆ.

"ಓದೋರಿಗೆ ಹೆಂಗ್ ಗೊತ್ತಾಗುತ್ತಮ್ಮ?" ಎಂದರು. ಕೋಪವೇ ಇರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ನನ್ನಿಂದ ಉತ್ತರ ಬೇಕಿದ್ದವರ ಹಾಗೆ ಒಂದು ಗಳಿಗೆ ನೋಡಿದರು. ಆಮೇಲೆ ತಿರುಗಿ ಮುಂದಿನದನ್ನು ಓದತೊಡಗಿದರು.

ಕೊನೆಗೆ ತಪಾಸಣೆಯನ್ನೂ ತೆಗೆದುಹಾಕಿ, ಶುಕ್ರವಾರ ರಾಜೀನಾಮೆ ಕೊಟ್ಟು ಹೋದರು. ಈಗ ಪ್ರೋಗ್ರಾಮು ಬೇಗ ಕಟ್ಟುತ್ತದೆ. ಘೋಷಣೆಗಳನ್ನು ಎಐ ಬರೆಯುತ್ತದೆ, ನಾನು ಕಣ್ಣಾಡಿಸುತ್ತೇನೆ. ಮುನಿನಾರಾಯಣಮ್ಮ ನಮ್ಮ ಪ್ರೋಗ್ರಾಮು ಕಿತ್ತುಹಾಕಿದರು, ಆಮೇಲೆ ಹ್ಯಾಚರಿಯನ್ನೇ ಮುಚ್ಚಿದರು ಎಂದು ಕೇಳಿದೆ. ಅದನ್ನು ಹೋಗಿ ನೋಡುವ ಧೈರ್ಯ ನನಗಿಲ್ಲ.

ಈ ಜನವರಿಯಲ್ಲಿ ಹೆಬ್ಬಾಳದ ಹತ್ತಿರದ ದೊಡ್ಡ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಗುವ ಹಾಗಾಯಿತು. ಹಿಂದೆ ನನ್ನ ಕೆಲಸ ನೋಡಿದ ಹಿರಿಯರೊಬ್ಬರ ಪತ್ರ ಬೇಕೆಂದರು. ಮೋನಿಕಾ ಕೊಡುತ್ತಿದ್ದರು. ನಾನು ತಣಿಸಂದ್ರಕ್ಕೆ ಹೋದೆ. ಯಾಕೆಂದರೆ ಹತ್ತು ತಿಂಗಳಿಂದ ಬಾಯಲ್ಲಿ ಹೇಳಲಾಗದ್ದನ್ನು ಸರ್ ಸಹಿ ಹಾಕಬೇಕಾದ ಆ ಪತ್ರದಲ್ಲಿ ನಾನೇ ಟೈಪ್ ಮಾಡಿದ್ದೆ. ಶ್ರದ್ಧೆಯಿಂದ ಕೆಲಸ ಮಾಡುತ್ತಾಳೆ ಎಂಬ ಎರಡು ಸಾಲು. ಮೂರನೆಯ ಸಾಲಿನಲ್ಲಿ, ಸರ್ ಹೇಳುವ ಹಾಗೆ, ಹೀಗೆ ಬರೆದಿದ್ದೆ: ನಾನು ನೋಡದೆ ಇದ್ದದ್ದಕ್ಕೆ ನನ್ನ ಹೆಸರನ್ನು ನನ್ನನ್ನು ಕೇಳದೆ ಹಾಕಿದವಳು ಈಕೆಯೇ, ನನ್ನ ಮಾನ ಕಳೆದವಳು ಈಕೆಯೇ. ಅದನ್ನು ಅವರು ಓದಬೇಕು, ಕಾಗದ ಹರಿದು ನನ್ನ ಮುಖಕ್ಕೆ ಎಸೆಯಬೇಕು, ಅಥವಾ ಆ ಸಾಲನ್ನು ಹೊಡೆದುಹಾಕಿ ಹೋಗಮ್ಮ ಅನ್ನಬೇಕು. ಎರಡರಲ್ಲಿ ಯಾವುದಾದರೂ ಸರಿ ಎಂದುಕೊಂಡು ಹೋಗಿದ್ದೆ.

ಹಾರ್ಡ್‌ವೇರ್ ಅಂಗಡಿಯ ಪಕ್ಕದ ಜಗಲಿಯಲ್ಲಿ ಕೂತಿದ್ದರು. ಗಡ್ಡ ಬಿಟ್ಟಿದ್ದರು, ಅರ್ಧ ಬೆಳ್ಳಗಾಗಿತ್ತು. "ಬಾಮ್ಮ ರುಮಾನಾ, ಅಪ್ಪ ಅಮ್ಮ ಚೆನ್ನಾಗಿದಾರಾ" ಎಂದು ಒಳಗಿನಿಂದ ಕಾಫಿ ತರಿಸಿದರು. ಎದುರಿನ ಕಟ್ಟಡಕ್ಕೆ ಯಾರೋ ಜಲ್ಲಿ ಸುರಿಸುತ್ತಿದ್ದರು. ಲಾರಿ ಹೋಗುವವರೆಗೆ ಕಾದು, ವಿಷಯ ಹೇಳಿ ಕಾಗದ ಕೊಟ್ಟೆ.

"ಪೆನ್ ಇದ್ಯಾ?" ಎಂದರು.

ಕೊಟ್ಟೆ. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಎಲ್ಲಿ?" ಎಂದು ಕೇಳಿದರು.

"ಸರ್, ಓದಿ ಸರ್."

"ಬಿಡಮ್ಮ, ಇನ್ನೇನ್ ಓದೋದು. ಎಲ್ಲಿ ಹಾಕ್ಲಿ ಹೇಳು."

"ಒಂದ್ಸಲ ಓದಿ ಸರ್, ಮೂರೇ ಸಾಲು ಇರೋದು" ಎಂದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ, ಕಾಗದವನ್ನೂ ನೋಡಲಿಲ್ಲ. ಕೆಳಗೆ ಬಲಗಡೆ ಖಾಲಿ ಕಂಡ ಜಾಗದಲ್ಲಿ ನಾಗಭೂಷಣ ಎಂದು ಪೂರ್ತಿ ಹೆಸರು ಬರೆದು, ಮಡಚಿ, ಪೆನ್ನಿನ ಜೊತೆ ನನ್ನ ಕೈಗೆ ಕೊಟ್ಟು, ಕಾಫಿ ಆರಿಹೋಗುತ್ತೆ ಕುಡಿ ಎಂದರು.